ಅತ್ತೆಯವರ ಮಡಿ ತಂತಿ

ಪುಟ್ಟಕ್ಕಾ, ಗುಂಡ್ಯಾ, ಚಿಮಣೀ, ಮಾಳಿಗೆಯ ಮೇಲೆ ಮೀನಿನ ಎಲುಬಿನ ಹಾಗೆ ನಿಂತಿರುವ ಆಂಟೆನಾ ಕಂಡಾಗಲೆಲ್ಲ "ಅಜ್ಜಾ ಇಂಥಾವನ್ನ ಮಾಡತಿದ್ದನಂತ, ಖರೇನ ಅಜ್ಜಿ?" ಎಂದು ಕೇಳುತ್ತೀರಿ. ಎದುರಿಗೆ ಕೂತು ಹೇಳಲು ನನಗೆ ಇವತ್ತಿಗೂ ಸಂಕೋಚ. ಹಳ್ಳಿಯ ಸಾಲೆಯಲ್ಲಿ ನಾಲ್ಕು ಇಯತ್ತೆ ಕಲಿತವಳು ನಾನು. ಆದರೂ ಮಾತಾಡುವುದಕ್ಕಿಂತ ಬರೆಯುವುದೇ ನನಗೆ ಸುಲಭ.

ನಾನು ಧಾರವಾಡದ ಮನೆಗೆ ಸೊಸೆಯಾಗಿ ಬಂದಾಗ ನಿಮ್ಮ ಅಜ್ಜ ಕಾಲೇಜಿನಲ್ಲಿ ಹುಡುಗರಿಂದ ಭೌತಶಾಸ್ತ್ರದ ಪ್ರಯೋಗ ಮಾಡಿಸುವ ಕೆಲಸದಲ್ಲಿದ್ದರು. ಅವರ ಜೀವ ಮಾತ್ರ ಏರಿಯಲ್ ತಂತಿಯಲ್ಲಿತ್ತು. ಆಗ ಆಂಟೆನಾಕ್ಕೆ ಹಾಗೆನ್ನುತ್ತಿದ್ದರು. ಹಿತ್ತಲಲ್ಲಿ ಎರಡು ಕಂಬ ನೆಟ್ಟು, ಪಿಂಗಾಣಿ ಗುಂಡು ಸಿಕ್ಕಿಸಿ, ತಾಮ್ರದ ತಂತಿ ಎಳೆದಿದ್ದರು. ಒಳಗೆ ಅವರೇ ಜೋಡಿಸಿದ ರೇಡಿಯೊ. ಅದರ ಬ್ಯಾಟರಿಯನ್ನು ರೈಲಿನಲ್ಲಿ ಹುಬ್ಬಳ್ಳಿಗೆ ಒಯ್ದು, ಚಾರ್ಜ್ ಮಾಡಿಸಿಕೊಂಡು, ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದರು. ಆಸಿಡ್ ಚೆಲ್ಲಿ ಅವರ ಧೋತರಗಳೆಲ್ಲ ಜರಡಿಯಾಗಿದ್ದವು.

ಒಂದು ಶ್ರಾವಣದಲ್ಲಿ ಮುಂಬೈಯಿಂದ ದೊಡ್ಡ ಪ್ರೊಫೆಸರೊಬ್ಬರು ಕಾಲೇಜು ನೋಡಲು ಬರುವವರಿದ್ದರು. ರವಿವಾರ ಸಂಜೆ ನಮ್ಮ ಮನೆಗೂ ಬಂದು ಏರಿಯಲ್ ನೋಡುವೆನೆಂದು ತಿಳಿಸಿದ್ದರು. ಅವರಿಗೆ ಮನಸ್ಸಿಗೆ ಬಂದರೆ ಮುಂಬೈಯಲ್ಲಿ ಅವರ ಕೈಕೆಳಗೆ ಸಂಶೋಧನೆಗೆ ಜಾಗ. ಇಲ್ಲವಾದರೆ ವರ್ಷ ವರ್ಷವೂ ಹೊಸ ಹುಡುಗರಿಗೆ ಅದೇ ಹಳೆಯ ಲೋಲಕ ತೂಗಾಡಿಸಿ ತೋರಿಸುತ್ತ ಕೂರಬೇಕು. ಅಂಥ ಅವಕಾಶ ಇನ್ನೊಮ್ಮೆ ಬರುವಂಥದ್ದಲ್ಲ ಎಂದು ನಿಮ್ಮ ಅಜ್ಜ ನನಗೆ ಹೇಳಿದ್ದರು.

ಅದೇ ವಾರ ರೇಡಿಯೊ ಕೈಕೊಟ್ಟಿತು. ವಿಲಾಯತಿಯ ಕೇಂದ್ರ ಹಿಡಿದರೆ ಚುರುಮರಿ ಹುರಿಯುವಂಥ ಸದ್ದು, ಅದರ ತಳದಲ್ಲೆಲ್ಲೋ ಒಬ್ಬ ಮನುಷ್ಯನ ಗೊಣಗಾಟ. ನಿಮ್ಮ ಅಜ್ಜ ಕತ್ತಲಾಗುವ ಹೊತ್ತಿಗೆ ಬಂದು ನೇರವಾಗಿ ರೇಡಿಯೊದ ಮುಂದೆ ಕೂತು ಅದನ್ನು ಬಿಚ್ಚುವರು, ಮತ್ತೆ ಕಟ್ಟುವರು. ಊಟಕ್ಕೆ ಕೂತರೆ ಸಾರಿನಲ್ಲಿ ಬೆರಳದ್ದಿ ನೆಲದ ಮೇಲೆ ಲೆಕ್ಕ ಬರೆಯುವರು.

ಶನಿವಾರ ಕಾಲೇಜು ಬೇಗ ಬಿಟ್ಟಿತು. ಬೆಳಕಿರುವಾಗಲೇ ಹಿತ್ತಲಿಗೆ ಹೋದವರು ಬಾಗಿಲಲ್ಲೇ ನಿಂತುಬಿಟ್ಟರು. ಅವರ ತಂತಿಯ ಮೇಲೆ ಅತ್ತೆಯವರ ಹದಿನಾರು ಮೊಳದ ಮಡಿ ಸೀರೆ ತೊಟ್ಟಿಕ್ಕುತ್ತಿತ್ತು. ಸೆರಗು ಹಸಿ ಗೋಡೆಗೆ ಅಂಟಿಕೊಂಡಿತ್ತು. ಶ್ರಾವಣದಲ್ಲಿ ಅತ್ತೆಯವರ ಮಡಿ ಬಲು ಬಿಗಿ. ಅಡಿಗೆಗೆ, ಪೂಜೆಗೆ ಉಡುವ ಸೀರೆಯನ್ನು ಒಗೆದು, ಕೋಲಿನಿಂದ ಎತ್ತಿ, ಯಾರೂ ಮುಟ್ಟದಷ್ಟು ಎತ್ತರದಲ್ಲಿ ಒಣಹಾಕಬೇಕು. ಆ ಜಿಟಿಜಿಟಿ ಮಳೆಯಲ್ಲಿ ಸೀರೆ ಒಣಗುವುದೆಂದು? ದಿನವೂ ಅದು ಅಲ್ಲಿ ತೂಗುವುದನ್ನು ನಾನು ನೋಡುತ್ತಲೇ ಇದ್ದೆ. ಸೀರೆಗೂ ರೇಡಿಯೊಕ್ಕೂ ಏನಾದರೂ ನಂಟಿದ್ದೀತೆಂದು ನನಗಂತೂ ಹೊಳೆದಿರಲಿಲ್ಲ. ತಂತಿ ಹಿಡಿದದ್ದೆಲ್ಲ ಆ ಒದ್ದೆ ಸೀರೆಯ ಮೂಲಕ ಹಸಿ ಗೋಡೆಗೆ ಇಳಿದು ಹೋಗುತ್ತಿತ್ತೆಂದು ನಿಮ್ಮ ಅಜ್ಜ ಆಮೇಲೆ ತಿಳಿಸಿದರು.

"ಅವ್ವಾ! ನನ್ನ ಏರಿಯಲ್ ಮ್ಯಾಲೆ ಸೀರಿ ಹಾಕೀಯಲ್ಲಾ!"

"ಮತ್ತೆಲ್ಲೆ ಹಾಕಲಿ? ಛಲೋ ಎತ್ತರ ಅದ, ಯಾರ ಕೈಗೂ ನಿಲುಕೂದಿಲ್ಲ. ಮಗಾ ನನ್ನ ಮಡೀ ಸಲುವಾಗಿ ಕಟ್ಯಾನ ಅಂತ ಓಣಿ ತುಂಬ ಹೊಗಳೀನಿ."

ನಿಮ್ಮ ಅಜ್ಜ ಸೀರೆ ತೆಗೆಯಲು ಕೈ ಎತ್ತಿದರು.

"ಮುಟ್ಟಬ್ಯಾಡ! ಕಾಲೇಜಿನ ಅರಿವಿಮ್ಯಾಲೆ ಇದ್ದಿ!"

"ಅವ್ವಾ, ವಿಲಾಯತಿಯಿಂದ ಮಾತು ಬರೋ ತಂತಿ ಅದು."

ಅತ್ತೆಯವರು ಗಾಬರಿಯಾದರು. "ವಿಲಾಯತಿ ಮಂದಿ ಮಾತು ಈ ತಂತೀಗೆ ಬಂದು ತಾಗತಾವ?"

ಹೌದು ಎಂದು ಸುಮ್ಮನಾಗಿದ್ದರೆ ಅತ್ತೆಯವರು ಆ ಕ್ಷಣವೇ ಸೀರೆ ಎಳೆದುಕೊಳ್ಳುತ್ತಿದ್ದರು. ಆದರೆ ವಿಜ್ಞಾನದಲ್ಲಿ ಅರ್ಧ ಮಾತು ಹೇಳುವುದು ನಿಮ್ಮ ಅಜ್ಜನಿಗೆ ಆಗದು. "ತಂತಿಗಷ್ಟ ಅಲ್ಲವ್ವಾ. ಆ ಅಲೆ ಎಲ್ಲಾ ಕಡೆ ಬರತಾವ. ಗ್ವಾಡಿಗೂ ಬಡೀತಾವ, ತುಳಸಿಗೂ ಬಡೀತಾವ, ನಿನಗೂ ಬಡೀತಾವ."

ಅತ್ತೆಯವರು ತುಳಸಿಯತ್ತ ನೋಡಿದರು. "ತುಳಸಿಗೇ ಬಡದ್ರ ಅದಕ್ಕೇನು ಮೈಲಿಗಿ? ಗಾಳಿ ಇದ್ದಂಗ ಆತು. ಸೀರಿ ಅಲ್ಲೇ ಇರಲಿ."

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡಿಗೆಮನೆಗೆ ಓಡಿದೆ. ಹಿತ್ತಲಲ್ಲಿ ತಾಯಿ ಮಗನ ವಾದ ಇನ್ನೂ ನಡೆದಿತ್ತು. ಕಡೆಗೆ ಅತ್ತೆಯವರೇ ತೀರ್ಪು ಕೊಟ್ಟರು: "ನಾಳೆ ಝಳಕಾ ಮಾಡಿ, ಮಡೀಲೆ, ನನಗ ಬ್ಯಾರೆ ತಂತಿ ಕಟ್ಟಿಕೊಡು. ಇದರಷ್ಟ ಎತ್ತರ, ಇದರಷ್ಟ ಉದ್ದ. ಒಂದು ಗೇಣೂ ಕಡಿಮಿ ಆಗಬಾರದು."

ರವಿವಾರ ಮಳೆ ನಿಲ್ಲುವಾಗ ಹೊತ್ತು ಇಳಿದಿತ್ತು. ನಿಮ್ಮ ಅಜ್ಜ ಸ್ನಾನ ಮಾಡಿ ಒದ್ದೆ ಪಂಚೆಯಲ್ಲೇ ನಿಚ್ಚಣಿಕೆ ಹತ್ತಿದರು. ಅತ್ತೆಯವರು ತಮ್ಮ ಸೀರೆಯನ್ನು ಏರಿಯಲ್ ಮೇಲಿಂದ ತೆಗೆದು ಹೆಗಲಿಗೆ ಹಾಕಿಕೊಂಡು, ಹೊಸ ತಂತಿಯ ಇನ್ನೊಂದು ತುದಿಗೆ ಕಟ್ಟಿದ ಹುರಿಯನ್ನು ಜಗ್ಗಿ ಹಿಡಿದರು. ಆ ಹೊತ್ತಿಗೇ ಪ್ರೊಫೆಸರು ಬಂದುಬಿಟ್ಟರು! ಕೋಟು, ಬೂಟು, ಕೈಯಲ್ಲಿ ಕೊಡೆ. ನಿಮ್ಮ ಅಜ್ಜನಿಗೆ ಮೇಲಿರಲೂ ಆಗದು, ಕೆಳಗಿಳಿಯಲೂ ಆಗದು.

ಪ್ರೊಫೆಸರು ಸಹಾಯಕ್ಕೆಂದು ಕೈ ಚಾಚಿದರು. "ಮುಟ್ಟಬ್ಯಾಡ್ರಿ! ಮಡಿ ಅದ!" ಎಂದರು ಅತ್ತೆಯವರು. ಆ ಮರಾಠಿ ಮನುಷ್ಯನಿಗೆ ಮಡಿ ಏನೆಂದು ಬಿಡಿಸಿ ಹೇಳಬೇಕಾಗಲಿಲ್ಲ. ಅವರು ನಗುತ್ತ ಒಳಗೆ ಹೋಗಿ, ತಾವೇ ರೇಡಿಯೊ ಹಚ್ಚಿ ಕೂತರು. ವಿಲಾಯತಿಯ ದನಿ ಬಂತು. ನಾನು ಚಹಾ ಇಟ್ಟು ಕಿಟಕಿಯ ಹತ್ತಿರ ಗೋಡೆಗೆ ಒತ್ತಿ ನಿಂತೆ.

ಆಗಲೇ ಒಂದು ವಿಚಿತ್ರ ನಡೆಯಿತು. ಹೊರಗೆ ಹೊಸ ತಂತಿ ಆಚೀಚೆ ಸರಿದ ಹಾಗೆ ಒಳಗೆ ದನಿ ಉಬ್ಬುವುದು, ಇಳಿಯುವುದು. ಪ್ರೊಫೆಸರ ಚಹಾದ ಕಪ್ಪು ಬಾಯಿಯ ಹತ್ತಿರವೇ ನಿಂತಿತು. ಕಿಟಕಿಯಿಂದ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಅವರಿಗೆ ದೂರ ಸರಿಯಲು ಹೇಳಿ ಎಂದು ಕೈಸನ್ನೆ ಮಾಡಿದರು.

ಪರಪುರುಷರ ಮುಂದೆ ನಾನು ಅಲ್ಲಿಯವರೆಗೆ ಬಾಯಿ ಬಿಟ್ಟವಳಲ್ಲ. "ದೂರ ಸರೀಬೇಕಂತರಿ..." ಎಂದೆ. ನನ್ನ ದನಿ ಕಿಟಕಿಯನ್ನೂ ದಾಟಲಿಲ್ಲ.

"ಏ ಹುಡುಗೀ, ಗಂಟಲಾಗ ಹತ್ತಿ ತುಂಬಕೊಂಡಿಯೇನು? ದನಿ ತಗದು ಹೇಳು!" ಎಂದರು ಅತ್ತೆಯವರು.

ನಿಚ್ಚಣಿಕೆಯ ಮೇಲೆ ನಿಮ್ಮ ಅಜ್ಜನ ಮುಖ ಕಂಡಿತು. ನಾನು ಕಣ್ಣು ಮುಚ್ಚಿ ಕೂಗಿದೆ: "ದೂರ ಸರೀರಿ ಅತ್ಯಾರ! ಇನ್ನೂ ದೂರ! ಸಾಕು, ಸ್ವಲ್ಪ ಹತ್ತರ ಬರ್ರಿ!"

ಅತ್ತೆಯವರು ಪಾರಿಜಾತದ ಬುಡಕ್ಕೆ ಹೋದರು, ಬಾವಿಯ ಕಡೆ ಬಂದರು. ನಿಮ್ಮ ಅಜ್ಜ ಇಳಿದು, ನಿಚ್ಚಣಿಕೆ ಸರಿಸಿ, ಮತ್ತೆ ಹತ್ತಿದರು. ತಂತಿ ಬಾವಿಕಟ್ಟೆಯ ಹತ್ತಿರ ಬಂದಾಗ ವಿಲಾಯತಿಯವನು ಪಕ್ಕದ ಮನೆಯ ಗೋಡೆಯ ಮೇಲಿಂದ ಮಾತಾಡಿಸಿದಷ್ಟು ಸ್ಪಷ್ಟವಾದ. "ಅಲ್ಲೇ ನಿಲ್ಲರಿ!" ಎಂದು ನಾನು ಕೂಗಿದ್ದು ಓಣಿಗೆಲ್ಲ ಕೇಳಿಸಿತಂತೆ.

ಪ್ರೊಫೆಸರು ಹಿತ್ತಲಿಗೆ ಬಂದು, ಆ ಎರಡನೆಯ ತಂತಿ ಮಾಡುತ್ತಿರುವುದೇನು ಎಂದು ಕೇಳಿದರು. ನಿಮ್ಮ ಅಜ್ಜ ಚಳಿಯಲ್ಲಿ ನಡುಗುತ್ತ, ಅದು ಅಲೆಯನ್ನು ಹಿಡಿದು ಮೊದಲನೆಯದರ ಕಡೆಗೆ ತಿರುಗಿ ಎಸೆಯುತ್ತಿರಬೇಕು, ಆದರೆ ಖಚಿತವಾಗಿ ಗೊತ್ತಿಲ್ಲ ಎಂದರು. ಹಾಗಾದರೆ ಮುಂಬೈಗೆ ಬಂದು ಗೊತ್ತುಮಾಡಿಕೊಳ್ಳಿ, ನಿಮಗೆ ಜಾಗ ಇದೆ, ಎಂದರು ಅವರು.

ನನಗೆ ಕುಣಿಯಬೇಕೆನ್ನಿಸಿತು. ಅತ್ತೆಯವರು ಮಾತ್ರ ಹುರಿ ಬಿಡಲಿಲ್ಲ. "ಕರಕೊಂಡು ಹೋಗ್ರಿ, ಒಲ್ಲೆ ಅನ್ನೂದಿಲ್ಲ. ಮೊದಲ ಈ ತಂತಿ ಗಟ್ಟಿ ಕಟ್ಟಿ ಹೋಗಲಿ!"

ನಾವು ಮುಂಬೈಗೆ ಹೋದೆವು. ಒಂದು ತಂತಿಯ ಪಕ್ಕದಲ್ಲಿ ಇನ್ನೊಂದನ್ನು ಎಲ್ಲಿಟ್ಟರೆ ಏನಾಗುತ್ತದೆ ಎಂಬುದೇ ನಿಮ್ಮ ಅಜ್ಜನ ಜೀವಮಾನದ ವಿದ್ಯೆಯಾಯಿತು. ಮಾಳಿಗೆಯ ಮೇಲಿನ ಆ ಮೀನಿನ ಎಲುಬಿನಲ್ಲಿ ಸಾಲಾಗಿರುವ ಕಡ್ಡಿಗಳ ಗುಟ್ಟೂ ಅದೇ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಎಂಥೆಂಥ ಎತ್ತರದ ಕಂಬಗಳ ಏರಿಯಲ್‌ಗಳಿಗೆ ಅವರು ಲೆಕ್ಕ ಹಾಕಿಕೊಟ್ಟರು! ಆಮೇಲೆ ಧಾರವಾಡಕ್ಕೇ ಬಂದು ಕಲಿಸಿದರು.

ಅವರು ಬರೆದದ್ದೆಲ್ಲ ಅಚ್ಚಾಗಿ ಕಾಲೇಜಿನ ಕಪಾಟುಗಳಲ್ಲಿದೆ. ಅದರಲ್ಲಿ ಅತ್ತೆಯವರ ಸುದ್ದಿ ಒಂದು ಸಾಲೂ ಇಲ್ಲ. ಅದಿರುವುದು ಇಲ್ಲಿ ಮಾತ್ರ. ಓದಿ ನಕ್ಕಾದ ಮೇಲೆ ಈ ಹಾಳೆಗಳನ್ನು ಅಲ್ಲಿ ಇಲ್ಲಿ ಒಗೆಯಬೇಡಿ, ಮಕ್ಕಳೇ. ಮೂವರೂ ಸೇರಿ ಜೋಪಾನ ಮಾಡಿರಿ.