ಬಸ್ಸಿನ ಹಿಂಬದಿಯ ಹೆಸರು

ಅವರ ಬಲಗೈಯ ಕಿರುಬೆರಳು ಉಳಿದ ಬೆರಳುಗಳ ಜೊತೆ ಸೇರುತ್ತಿರಲಿಲ್ಲ. ಮೂವತ್ತು ವರ್ಷ ಬಸ್ಸಿನ ತಗಡಿಗೆ ಅದನ್ನು ಊರಿ, ಕೈ ಅಲುಗದಂತೆ ಅಕ್ಷರ ಬರೆದು ಬರೆದು ಹೊರಕ್ಕೆ ಬಾಗಿಬಿಟ್ಟಿತ್ತು. ಟಿ. ದಾಸರಹಳ್ಳಿಯಲ್ಲಿ ನಮ್ಮ ಎದುರುಮನೆಯವರು. ನಮಗೆಲ್ಲ ಪೇಂಟರ್ ಅಂಕಲ್. ಸ್ಟಿಕ್ಕರ್ ಬಂದ ಮೇಲೆ ಪೀಣ್ಯದ ಬಸ್ ಬಾಡಿ ಶೆಡ್ಡುಗಳವರು ಅವರನ್ನು ಕರೆಯುವುದು ಬಿಟ್ಟಿದ್ದರು. ಬಾಗಿಲಲ್ಲಿ ಕೂತು, ಹೋಗಿಬರುವ ಟೆಂಪೋಗಳ ಮೇಲಿನ ಅಕ್ಷರ ಬೈಯುವುದೇ ಅವರ ಕೆಲಸವಾಗಿತ್ತು.

2017ರಲ್ಲಿ ನಾನು ಬಿ.ಕಾಂ. ಎರಡನೇ ವರ್ಷ. ಫೋನಿನಲ್ಲಿ ಬಸ್ ಓಡಿಸುವ ಆಟದ ಹುಚ್ಚು. ಆಟದ ಬಸ್ಸಿಗೆ ನಮ್ಮ ಕಡೆಯ ಬಸ್ಸುಗಳ ಬಣ್ಣ ತೊಡಿಸಿ 'ಸ್ಕಿನ್' ಮಾಡಿ, ಆಟಗಾರರ ಗುಂಪಿಗೆ ಹಾಕುತ್ತಿದ್ದೆ. ಒಂದು ಭಾನುವಾರ ಅಂಕಲ್ ಅದನ್ನು ಲ್ಯಾಪ್‌ಟಾಪಿನಲ್ಲಿ ನೋಡಿದರು. ಬಸ್ಸಿನ ಮುಂದು, ಹಿಂದು, ಎರಡು ಪಕ್ಕ, ಎಲ್ಲ ಒಂದೇ ಚಿತ್ರದಲ್ಲಿ ಚಪ್ಪಟೆಯಾಗಿ ಇದ್ದವು.

"ಇದೇನಮ್ಮ, ಬಸ್ಸಿನ ಚರ್ಮ ಸುಲಿದು ಇಂಗೆ ಹಾಸಿದೀಯ?" ಎಂದವರು ಹತ್ತಿರ ಬಾಗಿದರು. "ಅಕ್ಷರ ಉಸಿರು ಕಟ್ಕೊಂಡು ನಿಂತವೆ ಕಣಮ್ಮ. ಒಳಗೆ ಒಸಿ ಖಾಲಿ ಬಿಡು."

ಮುಂದಿನ ವಾರ ಬ್ರಶ್ ತಂದರು. ಅವರು ಡ್ರಾಯಿಂಗ್ ಶೀಟಿನ ಮೇಲೆ ಬರೆದದ್ದನ್ನು ನಾನು ಫೋಟೋ ತೆಗೆದು, ಹಿಂದಿನ ಬಿಳಿ ಅಳಿಸಿ, ಬಸ್ಸಿನ ಮೇಲೆ ಕೂರಿಸುತ್ತಿದ್ದೆ. ಒಮ್ಮೆ ಸೇವ್ ಮಾಡುವಾಗ ಎಡವಟ್ಟಾಗಿ ಗಾಜೆಲ್ಲ ಬಿಳಿಯಾಯಿತು. "ಕಿಟಕಿಗೆಲ್ಲ ಸುಣ್ಣ ಹೊಡೆದ್ಯಲ್ಲೇ" ಎಂದು ಕೆಮ್ಮು ಬರುವಷ್ಟು ನಕ್ಕರು. ಐದು ಭಾನುವಾರ ಹೀಗೇ ಹೋದವು. ಕೊನೆಗೆ ಹಿಂಬದಿಯ ಬಂಪರಿಗೆಂದು ತಮ್ಮ ಹೆಸರನ್ನು ಸಣ್ಣಗೆ ಬರೆದುಕೊಟ್ಟರು, ಅದನ್ನೂ ಕೂರಿಸಿದೆ. "ಬರ್ದೋನ ಹೆಸ್ರು ಹಿಂದೆ ಇರ್ಬೇಕು. ಅದೊಂದನ್ನ ಯಾವ ಓನರ್ರೂ ಅಳಿಸ್ತಿರ್ಲಿಲ್ಲ."

ಅವರು ಅತ್ತ ಹೋದ ಮೇಲೆ ನಾನು ಅದನ್ನು ಅಳಿಸಿದೆ. ಆ ಜಾಗದಲ್ಲಿ ನನ್ನ ಹೆಸರು ಟೈಪ್ ಮಾಡಿ, ಸೇವ್ ಮಾಡಿ ಗುಂಪಿಗೆ ಹಾಕಿದೆ. ಗುಂಪಿನಲ್ಲಿ ಹೊಗಳಿಕೆಯೋ ಹೊಗಳಿಕೆ. ಯಾವ ಫಾಂಟ್ ಎಂದು ಯಾರೋ ಕೇಳಿದರು. ಫಾಂಟ್ ಅಲ್ಲ, ನಾನೇ ಕೈಯಲ್ಲಿ ಬರೆದದ್ದು ಎಂದು ಉತ್ತರಿಸಿದೆ.

ಮುಂದಿನ ಭಾನುವಾರ ಅಂಕಲ್ ಇಸ್ತ್ರಿ ಶರ್ಟು ಹಾಕಿಕೊಂಡು ಬಂದರು. "ಎಲ್ಲಿ, ನಮ್ ಬಸ್ ಓಡ್ಸು." ಸ್ವಲ್ಪ ದೂರ ಓಡಿಸುವಷ್ಟರಲ್ಲಿ, "ನಿಲ್ಸು. ಹಿಂದ್ಗಡೆ ತೋರ್ಸು" ಎಂದರು. ತೋರಿಸದೆ ಬೇರೆ ದಾರಿ ಇರಲಿಲ್ಲ. ಕನ್ನಡಕ ಹಾಕಿಕೊಂಡು ಓದಿದರು.

"ಸೇವ್ ಮಾಡುವಾಗ ತಪ್ಪಾಯ್ತು ಅಂಕಲ್."

"ತಪ್ಪಾಗಿ ನಿನ್ ಹೆಸ್ರು ಬಂತಾ?"

ಜೋರಾಗಿ ಕೇಳಲಿಲ್ಲ. ಎದ್ದು ಹೋದವರು ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಕೆಲವು ತಿಂಗಳ ಮೇಲೆ ಅವರ ಹೆಸರು ಸೇರಿಸಿ ಹೊಸದಾಗಿ ಹಾಕಿದೆ. "ಹಳೇದೇ ಚೆನ್ನಾಗಿತ್ತು, ಇದ್ಯಾರದು ಹೆಸ್ರು, ತೆಗೀರಿ" ಎಂದು ಒಬ್ಬ ಬರೆದ. ಬೇರೆ ಯಾರೂ ಏನೂ ಅನ್ನಲಿಲ್ಲ. ಹಳೆಯದು ಅಷ್ಟರಲ್ಲಿ ಎಷ್ಟೋ ಫೋನುಗಳಿಗೆ ಹೋಗಿತ್ತು.

2019ರಲ್ಲಿ ಅವರ ಶ್ವಾಸಕೋಶ ಕೈಕೊಟ್ಟಿತು. ಪೇಂಟು, ಥಿನ್ನರಿನ ವಾಸನೆ ಅಷ್ಟು ವರ್ಷ ಕುಡಿದದ್ದು. ಹೊಸ ಸ್ಕಿನ್ ತೋರಿಸಿ ಕ್ಷಮೆ ಕೇಳೋಣವೆಂದು ಫೋನ್ ಹಿಡಿದು ಹೋದೆ. ಮಂಚದ ಮೇಲೆ ದಿಂಬಿಗೆ ಒರಗಿದ್ದರು. "ಬನ್ನಿ ಮೇಡಂ, ಕೂತ್ಕೊಳ್ಳಿ" ಎಂದರು. ಫೋನ್ ಮುಂದೆ ಹಿಡಿದರೆ ನೋಡಲಿಲ್ಲ. ಹೆಂಡತಿಯ ಕಡೆ ತಿರುಗಿ, "ಅವ್ರಿಗೆ ಕಾಫಿ ಕೊಡು" ಎಂದರು. ಕಾಫಿ ಕುಡಿದು, ಕ್ಷಮೆ ಕೇಳದೆಯೇ ಎದ್ದು ಬಂದೆ. ಎಂಟು ದಿನಕ್ಕೆ ತೀರಿಕೊಂಡರು.

ಅವರ ಹೆಂಡತಿ ಈಗಲೂ ಸಿಕ್ಕಾಗ ನನ್ನ ಕೈ ಹಿಡಿದುಕೊಳ್ಳುತ್ತಾರೆ. "ನಮ್ಮನೆಯೋರು ಮೇಡಂ ಅಂತ ಕರೆದಿದ್ದು ನಿನ್ನೊಬ್ಳನ್ನೇ ಕಣಮ್ಮ. ಅಷ್ಟು ಗೌರವ ಮಡಗಿದ್ರು" ಎನ್ನುತ್ತಾರೆ.