ಸ್ಟುಡಿಯೋದ ಹೊರಗೆ ಬಿಟ್ಟ ಶೂಗಳು

ಚೆನ್ನೈನ ಪೋರೂರಿನ ಆ ಶಾಲೆಯಲ್ಲಿ ಈಗ ಯಾರೂ ಕ್ಲಾಸ್‌ರೂಮ್ ಅನ್ನುವುದಿಲ್ಲ, ‘ಲರ್ನಿಂಗ್ ಸ್ಟುಡಿಯೋ’ ಅನ್ನುತ್ತಾರೆ. ಬೇಸಿಗೆ ರಜೆಯಲ್ಲಿ ನನ್ನ ಮಗಳ ನಾಲ್ಕನೇ ತರಗತಿಯ ಕೋಣೆಯನ್ನು ಒಡೆದು ಹೊಸದು ಮಾಡಿದ್ದರು. ಬೆಂಚುಗಳು ಹೋಗಿ ಕಾರ್ಪೆಟ್ಟು ಬಂದಿತ್ತು. ಕಾರಿಡಾರಿನ ಕಡೆಯ ಗೋಡೆ ಗಾಜಾಗಿತ್ತು. ಎ.ಸಿ. ಹಾಕಿಸಿದ್ದರಿಂದ ಕಿಟಕಿಗಳನ್ನು ಮುಚ್ಚಿಬಿಟ್ಟಿದ್ದರು. ಮೊದಲು ಅಲ್ಲಿ ಎರಡು ಬಾಗಿಲಿದ್ದದ್ದು ನನಗೆ ನೆನಪಿತ್ತು. ಇನ್ನೊಂದು ಎಲ್ಲಿ ಎಂದು ಕೇಳಿದ್ದಕ್ಕೆ ಟೀಚರ್ ನಗುತ್ತಾ ಗೋಡೆಯಗಲದ ಸ್ಕ್ರೀನಿನ ಕಡೆ ಕೈ ತೋರಿಸಿದರು. ಬಾಗಿಲು ಅದರ ಹಿಂದೆ ಸೇರಿಕೊಂಡಿತ್ತು. ಅವರ ಆ ನಗು ನನಗೆ ಹಿಡಿಸಲಿಲ್ಲ.

ಉಳಿದ ಬಾಗಿಲಿನ ಪಕ್ಕ, ಒಳಗಡೆ, ಟ್ಯಾಬ್‌ಗಳನ್ನು ಚಾರ್ಜಿಗೆ ಇಡುವ ಕಬ್ಬಿಣದ ಬೀರು. ಹೊರಗಡೆ ಮಕ್ಕಳ ಶೂಗಳು. ಕಾರ್ಪೆಟ್ಟು ಕೊಳೆಯಾಗಬಾರದೆಂದು ಎಲ್ಲರೂ ಬಿಚ್ಚಿಯೇ ಹೋಗಬೇಕು. ನಾನು ಮೈಸೂರಿನಲ್ಲಿ ಓದುವಾಗಲೂ ಕಂಪ್ಯೂಟರ್ ಲ್ಯಾಬಿಗೆ ಹೀಗೆಯೇ, ದೇವಸ್ಥಾನಕ್ಕೆ ಹೋದ ಹಾಗೆ ಹೋಗುತ್ತಿದ್ದೆವು.

ಹೊಸ ಕೋಣೆಯ ಪಾಠ ನೋಡಲು ಪೋಷಕರನ್ನು ಕರೆದಿದ್ದರು. ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ ನಾನೂ ಗಾಜಿನಾಚೆ ನಿಂತಿದ್ದೆ. ಬೀರುವಿನ ಸಂದಿಯಿಂದ ಬೆಳ್ಳಗೆ ಏನೋ ಬಂತು. ಎ.ಸಿ.ಯ ತಣ್ಣನೆಯ ಆವಿ ಅಂದುಕೊಂಡೆ. ಆಮೇಲೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಹೊಡೆಯಿತು.

ಟೀಚರ್ ಎಲ್ಲರನ್ನೂ ಹೊರಗೆ ಹೋಗಲು ಹೇಳಿದರು. ಮಕ್ಕಳು ಸಾಲಾಗಿ ಬಾಗಿಲಿಗೆ ಬಂದರು, ಬಂದವರು ಅಲ್ಲೇ ನಿಂತರು. ಒಬ್ಬೊಬ್ಬರೂ ಬಗ್ಗಿ ತಮ್ಮ ತಮ್ಮ ಶೂ ಹುಡುಕತೊಡಗಿದರು. ಎಲ್ಲವೂ ಕಪ್ಪು, ಎಲ್ಲವೂ ಒಂದೇ ಥರ. ಹಿಂದಿನವರು ಕೆಮ್ಮುತ್ತಾ ತಳ್ಳುತ್ತಿದ್ದರು. ನನ್ನ ಮಗಳು ಹೊಸ್ತಿಲಲ್ಲಿ ಕೂತು ಒಂದು ಶೂವನ್ನು ತಿರುಗಿಸಿ, ಒಳಗೆ ಇನಿಷಿಯಲ್ ಬರೆದಿದೆಯೇ ಎಂದು ನೋಡುತ್ತಿದ್ದಳು. ಹೊಗೆ ಅವಳ ತಲೆಯ ಮೇಲೆ ಬಂದಿತ್ತು.

“ಬಿಟ್ಟು ಬಾರೇ” ಅಂದೆ.

“ಇರುಪ್ಪಾ, ಇದು ಎನ್ನುದು ಇಲ್ಲ.” ತಾಳಪ್ಪ, ಇದು ನನ್ನದಲ್ಲ ಎಂದು ಇನ್ನೊಂದನ್ನು ಎತ್ತಿಕೊಂಡಳು.

ನಾನು ಆ ಶೂಗಳನ್ನೆಲ್ಲ ಕಾಲಲ್ಲಿ ಒದ್ದು ದೂರ ಮಾಡಿ, ಕೈಗೆ ಸಿಕ್ಕ ಮಕ್ಕಳನ್ನು ಎಳೆದೆ. ಅಷ್ಟರಲ್ಲಿ ಯಾರೋ ಮೇನ್ ಸ್ವಿಚ್ ಆರಿಸಿದರು. ಬೆಂಕಿ ಏಳಲಿಲ್ಲ. ಯಾರಿಗೂ ಏನೂ ಆಗಲಿಲ್ಲ.

ಸಂಜೆ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಶಾಲೆಯ ಸಂದೇಶ ಬಂತು. ಇವತ್ತಿನ ಅಗ್ನಿ ಸುರಕ್ಷತೆಯ ಡ್ರಿಲ್ ಯಶಸ್ವಿಯಾಯಿತು, ಸಹಕಾರಕ್ಕೆ ವಂದನೆಗಳು. ನನ್ನ ಪಕ್ಕದಲ್ಲೇ ನಿಂತು ಕೆಮ್ಮಿದ್ದವರು ಅದಕ್ಕೆ ಹೆಬ್ಬೆರಳೆತ್ತಿದ್ದರು. ಅವರು ಕಂಡದ್ದು ಬೇರೆಯೋ, ನಾನು ಕಂಡದ್ದೇ ಬೇರೆಯೋ? ಬಂದದ್ದು ನಿಜವಾದ ಹೊಗೆ ಎಂದು ಬರೆದೆ. ಸ್ವಲ್ಪ ಹೊತ್ತಿಗೆ ನನ್ನ ಮಾತು ಅಲ್ಲಿರಲಿಲ್ಲ.

ಮಾರನೇ ದಿನ ಹೋದಾಗ ಬೀರುವೂ ಇರಲಿಲ್ಲ. ಅದಿದ್ದ ಜಾಗದ ಗೋಡೆಗೆ ಹೊಸ ಬಣ್ಣ ಬಳಿದಿದ್ದರು. ಪ್ರಿನ್ಸಿಪಾಲರು ಕಾಫಿ ತರಿಸಿದರು. ಮಕ್ಕಳು ಹೆದರದಿರಲಿ ಎಂದೇ ಡ್ರಿಲ್ ಅಂದದ್ದಂತೆ, ಬೀರುವನ್ನು ಕಂಪನಿಯವರು ಪರೀಕ್ಷೆಗೆ ಒಯ್ದಿದ್ದಾರಂತೆ. ಎರಡನೇ ಬಾಗಿಲಿನ ವಿಷಯ ಮುಂದಿನ ರಜೆಗೆ ಹೋಯಿತು. ಶೂ ಹಾಕಿಕೊಂಡೇ ಕೂರಲಿ ಎಂದದ್ದಕ್ಕೆ ಕಾರ್ಪೆಟ್ಟಿನ ವಾರಂಟಿ ಹೋಗುತ್ತದೆ ಅಂದರು. ಕಾಫಿಯನ್ನು ನಾನು ಮುಟ್ಟಲಿಲ್ಲ.

ಮನೆಗೆ ಬಂದರೆ ಮಗಳು ಮುಖ ಊದಿಸಿಕೊಂಡಿದ್ದಳು. ಡ್ರಿಲ್‌ನಲ್ಲಿ ಶೂ ಹಾಕಿಕೊಂಡು ನೀಟಾಗಿ ಹೊರಗೆ ಬಂದವರಿಗೆ ಸ್ಟಾರ್ ಕೊಟ್ಟಿದ್ದರಂತೆ. ನಾನು ಒದ್ದದ್ದರಿಂದ ಅವಳಿಗೆ ಸಿಗಲಿಲ್ಲವಂತೆ. ಇನ್ನೊಮ್ಮೆ ಹೊಗೆ ಬಂದರೆ ಇವಳು ಇನ್ನೂ ಅಚ್ಚುಕಟ್ಟಾಗಿ ಕೂತು ಶೂ ಹಾಕಿಕೊಳ್ಳುತ್ತಾಳೆ.

“ಅದು ಡ್ರಿಲ್ ಅಲ್ಲ ಪುಟ್ಟಿ. ನಿಜವಾಗ್ಲೂ ಸುಡ್ತಿತ್ತು.”

ನನಗೆ ಯಾವಾಗಲೂ ತಮಿಳಿನಲ್ಲೇ ಉತ್ತರಿಸುವವಳು ಕನ್ನಡದಲ್ಲಿ ಕೇಳಿದಳು: “ಮಿಸ್ಸು ಸುಳ್ಳು ಹೇಳಿದ್ರಾ?”

“ಹೂಂ.”

ಇದನ್ನು ನಂಬಬಹುದೋ ಇಲ್ಲವೋ ಎಂಬಂತೆ ಬಹಳ ಹೊತ್ತು ನನ್ನನ್ನೇ ನೋಡಿದಳು. ಹೊಸ ಬಣ್ಣದ ಆ ಗೋಡೆಯನ್ನು ನಾನು ನೋಡಿದ್ದೂ ಹೀಗೆಯೇ ಇರಬೇಕು. ಇನ್ನು ಮೇಲೆ ಅಲ್ಲಿ ಶೂ ಬಿಚ್ಚಬೇಡ, ಬೈದರೆ ಅಪ್ಪ ಹೇಳಿದ್ದಾರೆ ಅನ್ನು ಎಂದೆ.

ಈಗಲೂ ಬ್ಯಾಂಕಿನಲ್ಲಿ ಯಾರಾದರೂ ಬಾಗಿಲ ಹತ್ತಿರ ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿದರೆ ನನ್ನ ಕೈಯಲ್ಲಿನ ಕೆಲಸ ನಿಂತುಹೋಗುತ್ತದೆ. ಸೋಮವಾರ ಹಾಗೇ ನಿಂತಿದ್ದಾಗ ಟೀಚರ್ ಫೋನು ಬಂತು. ನಿಮ್ಮ ಮಗಳು ಶೂ ಬಿಚ್ಚುತ್ತಿಲ್ಲ, ಬಾಗಿಲ ಹತ್ತಿರವೇ ಕೂತಿದ್ದಾಳೆ, ಅವಳನ್ನು ನೋಡಿ ಇನ್ನಿಬ್ಬರೂ ಬಿಚ್ಚುವುದಿಲ್ಲ ಅನ್ನುತ್ತಿದ್ದಾರೆ ಎಂದರು. ನಾನೇ ಹೇಳಿಕೊಟ್ಟದ್ದು ಅಂದೆ. ಅವರು ದನಿ ತಗ್ಗಿಸಿ, “ಪರವಾಯಿಲ್ಲೆ ಸಾರ್” ಅಂದರು. ಹಾಗೇ ಇರಲಿ, ಪ್ರಿನ್ಸಿಪಾಲರು ರೌಂಡ್ಸ್ ಬರುವಾಗ ಮಾತ್ರ ಬಿಚ್ಚಲು ಹೇಳಿ ಎಂದರು.

ಅದು ಕನಿಕರವೋ, ಜಾಣತನವೋ, ನನಗೆ ತಿಳಿಯಲಿಲ್ಲ. ಆಗಲೂ ಬಿಚ್ಚುವುದಿಲ್ಲ ಎಂದು ಹೇಳಿ ಫೋನ್ ಇಟ್ಟೆ.