ಮಾದೇಶನ ಕಾರನ್ನು ತಳ್ಳಿಸಿದ ದಿನ

ಮಾದೇಶನ ಬಾಯಿಗೆ ‘ಇಲ್ಲ’ ಅನ್ನುವ ಮಾತೇ ಬರುತ್ತಿರಲಿಲ್ಲ. ನಮ್ಮ ಅಂತರಸಂತೆಯಲ್ಲಿ ಬಾಡಿಗೆ ಕಾರು ಓಡಿಸುವವರು ಬೇರೆಯವರೂ ಇದ್ದಾರೆ. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಜನ ಹೋಗಿ ನಿಲ್ಲುತ್ತಿದ್ದುದು ಇವನ ಬಾಗಿಲಲ್ಲೇ. ಊಟಕ್ಕೆ ಕೂತವನು ಕೈ ತೊಳೆದು ಎದ್ದು ಬರುತ್ತಿದ್ದ. ಹೆಂಡತಿ ಸುಕನ್ಯ “ಮುದ್ದೆ ತಣ್ಣಗಾಯ್ತದೆ” ಅಂದರೆ “ಬಂದು ತಿಂತೀನಿ ಬುಡು” ಅನ್ನುತ್ತಿದ್ದ.

ಅವನು ನನಗೆ ಸಂಬಂಧವಲ್ಲ, ಪಕ್ಕದ ಮನೆಯವನು. ತಾಯಿ ಸತ್ತ ಮೇಲೆ ನನ್ನನ್ನೇ ಅವ್ವ ಅಂತ ಕರೆಯತೊಡಗಿದ. ಮೀಸೆ ಬರುವ ಮೊದಲೇ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದವನು ಹನ್ನೊಂದು ವರ್ಷ ಅಲ್ಲಿನ ಕೂಲಿಯವರ ಲೈನ್ ಮನೆಯಲ್ಲಿದ್ದ. ಡ್ರೈವಿಂಗ್ ಕಲಿತದ್ದೂ ತೋಟದ ಜೀಪಿನಲ್ಲೇ. ಒಂದು ಗೌರಿ ಹಬ್ಬಕ್ಕೆ ಬಂದಾಗ ಮಗಳು ಮಧುಶ್ರೀ ಬಾಗಿಲ ಹಿಂದೆ ಸೇರಿಕೊಂಡು “ಯಾರೋ ಮಾಮ ಬಂದವ್ರೆ” ಅಂತ ಕೂಗಿತು. ಅಪ್ಪ ಅಂತ ಗುರುತೇ ಸಿಗಲಿಲ್ಲ ಆ ಮಗುವಿಗೆ. ಅವನು ತೋಟಕ್ಕೆ ತಿರುಗಿ ಹೋಗಲಿಲ್ಲ. ಒಂದು ಹಳೆಯ ಡೀಸೆಲ್ ಕಾರು ತಂದು ಊರಲ್ಲೇ ನಿಂತ. ಕಾರು ಓಡಿದರೆ ಮಾದೇಶ ಊರಲ್ಲಿ, ನಿಂತರೆ ಮತ್ತೆ ಕೊಡಗಿನಲ್ಲಿ. ಇದು ನಮ್ಮ ಬೀದಿಗೆಲ್ಲ ಗೊತ್ತಿತ್ತು.

ಕಾರನ್ನು ನೋಡಿಕೊಳ್ಳುತ್ತಿದ್ದವನು ನಮ್ಮ ತಾಲ್ಲೂಕಿನ ದೊಡ್ಡ ಊರು ಕೋಟೆಯ ಮೆಕ್ಯಾನಿಕ್ ಸುನೀಲ್‌ಕುಮಾರ್. ಒಂದು ದಿನ ನಾನೂ ಕಾರಿನಲ್ಲಿದ್ದೆ. ಬಾನೆಟ್ ಎತ್ತಿ ನೋಡಿದವನು, “ಟೈಮಿಂಗ್ ಬೆಲ್ಟು ಬಿರುಕು ಬುಟ್ಟದೆ ಕಣೋ. ರಬ್ಬರು ಎಷ್ಟು ದಿನ ಬಂದಾತು? ಎರಡು ದಿನ ಗಾಡಿ ಬುಟ್ಟೋಗು” ಅಂದ.

“ಈ ವಾರ ಮದುವೆ ಬಾಡಿಗೆ ಒಪ್ಕಂಡಿವ್ನಿ ಅಣ್ಣ.”

ಮುಂದಿನ ವಾರ ಯಾರದೋ ಆಸ್ಪತ್ರೆ. ಅದಾದ ಮೇಲೆ ಇನ್ಯಾರದೋ ತಿಥಿ. ಮೂರು ತಿಂಗಳಾದರೂ ಅವನಿಗೆ ಎರಡು ದಿನ ಸಿಗಲಿಲ್ಲ.

ಅವತ್ತು ಸಂತೆಯ ದಿನ. ನನ್ನ ಎಡಗಣ್ಣಿನ ಪೊರೆ ತೆಗೆಸಿಯಾಗಿತ್ತು, ಮೈಸೂರಿನ ಡಾಕ್ಟರಿಗೆ ತೋರಿಸಲು ಹೊರಟಿದ್ದೆ. ಹನ್ನೊಂದರೊಳಗೆ ಅಲ್ಲಿರಬೇಕಿತ್ತು. ವೀಳ್ಯದೆಲೆ ತರುತ್ತೇನೆ ಅಂತ ಸಂತೆಯ ಹತ್ತಿರ ನಿಲ್ಲಿಸಿದವಳು ನಾನೇ. ಎಲೆ ಕಟ್ಟು ಹಿಡಿದು ಬಂದು ಕೂತೆ. ಮಾದೇಶ ಕೀ ತಿರುಗಿಸಿದ. ಎಂಜಿನ್ ಹತ್ತಲಿಲ್ಲ. ಎಂದಿನ ಹಾಗೆ ಗರ್ ಗರ್ ಅಂತ ಭಾರದ ಸದ್ದೂ ಇಲ್ಲ. ಕಾಳು ಹಾಕದ ಬೀಸುಕಲ್ಲು ತಿರುಗಿದ ಹಾಗೆ ಹಗುರವಾಗಿ ತಿರುಗಿತು.

ಅವನು ಸುನೀಲ್‌ಕುಮಾರನಿಗೆ ಫೋನು ಮಾಡಿ ಆ ಸದ್ದನ್ನೇ ಕೇಳಿಸಿದ. ಆ ಕಡೆಯಿಂದ ಕೂಗಿದ್ದು ನನಗೂ ಕೇಳಿತು: “ಬುಡೋ ಕೀಯ! ಬೆಲ್ಟ್ ಹೋಗದೆ. ಇನ್ನೊಂದ್ ಸಲ ಸೆಲ್ಫ್ ಹೊಡೀಬ್ಯಾಡ, ತಳ್ಳಿಸಬ್ಯಾಡ. ಅದೃಷ್ಟ ಇದ್ರೆ ವಾಲ್ವು ಉಳ್ಕಂಡಿರ್ತವೆ. ಮಧ್ಯಾಹ್ನಕ್ಕೆ ನಾನೇ ಬತ್ತೀನಿ.”

ಅಷ್ಟರಲ್ಲಿ ಬಾಳೆಹಣ್ಣು ಮಾರುವ ನಿಂಗರಾಜು ಬಂದ. “ಏನ್ಲಾ ಮಾದೇಶ, ಗಾಡಿ ಮುನಿಸ್ಕಂಡದಾ? ಸೀರೆ ಕೊಡಿಸ್ನಿಲ್ವಾ ಅದ್ಕೆ?” ಅಂತ ನಗುತ್ತಾ ಐದಾರು ಜನರನ್ನು ಕೂಗಿದ. ನಮ್ಮ ಕಡೆ ಗಾಡಿ ನಿಂತರೆ ಕರೆಯುವುದೇ ಬೇಡ, ಜನ ಬಂದು ಕೈ ಹಾಕುತ್ತಾರೆ. ತರಕಾರಿ ಕುಕ್ಕೆ ಇಳಿಸಿ ಬಂದು ಕಾರಿನ ಹಿಂದೆ ನಿಂತರು.

“ಬ್ಯಾಡ ಕಣಣ್ಣ. ಮೆಕ್ಯಾನಿಕ್ಕು ತಳ್ಳಬ್ಯಾಡ ಅಂದವ್ರೆ” ಎಂದ ಮಾದೇಶ, ಮೆಲ್ಲಗೆ.

ಆಗ ನಾನು ಬಾಯಿ ಹಾಕಿದೆ. “ನಮ್ಮೆಜಮಾನ್ರ ಜೀಪು ಹನ್ನೆರಡು ವರ್ಸ ತಳ್ಳೇ ಸ್ಟಾರ್ಟ್ ಆಗಿದ್ದು ಕಣ್ಲಾ. ಏನಾಗೋಯ್ತು ಅದ್ಕೆ? ಅವನು ಕೋಟೇಲಿ ನೆಳ್ಳಲ್ಲಿ ಕೂತು ಹೇಳ್ತಾನೆ. ನನ್ನ ಡಾಕ್ಟ್ರು ಹೊಂಟೋಯ್ತಾರೆ.”

ಅವನು ನನ್ನ ಮುಖ ನೋಡಿದ. ಕನ್ನಡಿಯಲ್ಲಿ ಹಿಂದೆ ನಿಂತವರನ್ನೂ ನೋಡಿದ. ಆಮೇಲೆ ಕ್ಲಚ್ ಒತ್ತಿ ಗೇರು ಹಾಕಿದ.

ಮುಂದೆ ಇಳಿಜಾರು. “ಹೈಸ್ಸಾ” ಅಂತ ತಳ್ಳಿದರು. ಕಾರು ಓಡಿತು. ಅವನು ಕ್ಲಚ್ ಬಿಟ್ಟ. ಕಟಕಟಕಟ ಅಂತ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಬಂದು ಕಾರು ಮುಗ್ಗರಿಸಿ ನಿಂತಿತು. ಹಿಂದಿನವರೆಲ್ಲ ಡಿಕ್ಕಿಯ ಮೇಲೆ ಬಿದ್ದರು. “ಏನೋ ಮುರೀತು ಕಣ್ಲಾ” ಅಂದ ನಿಂಗರಾಜು. ಯಾರೂ ನಗಲಿಲ್ಲ. ಮಾದೇಶ ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದ.

ಮಾರನೇ ದಿನ ಕೋಟೆಯ ಶೆಡ್ಡಿಗೆ ನಾನೂ ಬಸ್ಸಿನಲ್ಲಿ ಹೋದೆ. ಸುನೀಲ್‌ಕುಮಾರ್ ಎಂಜಿನ್ನಿನ ಹೆಡ್ ಬಿಚ್ಚಿ ವಾಲ್ವುಗಳನ್ನು ಪೇಪರಿನ ಮೇಲೆ ಸಾಲಾಗಿ ಇಟ್ಟಿದ್ದ. ಉದ್ದ ಕಾಲಿನ ಅಣಬೆಯ ಹಾಗಿದ್ದವು. ಎಂಟಕ್ಕೆ ಎಂಟೂ ಸೊಟ್ಟ. “ಒಂದೆರಡು ಸೆಲ್ಫಿಗೇ ಬಗ್ಗಿರಬೋದು. ಎಲ್ಲ ಹೋಗಿದ್ದು ತಳ್ಳಿದ್ದಕ್ಕೆ” ಅಂದ.

ನಾನು ಕೇಳಿದ್ದಕ್ಕೆ ಬಿಡಿಸಿ ಹೇಳಿದ. ಕೆಳಗಿಂದ ಪಿಸ್ಟನ್ ಮೇಲೆ ಬರುತ್ತದೆ, ಮೇಲಿಂದ ವಾಲ್ವು ಕೆಳಗೆ ಬರುತ್ತದೆ. ಎರಡಕ್ಕೂ ಇರುವುದು ಒಂದೇ ಜಾಗ. ಯಾರ ಸರದಿ ಯಾವಾಗ ಅಂತ ನೋಡಿಕೊಳ್ಳುವುದು ಆ ಬೆಲ್ಟು.

“ಒಂದೇ ಒರಳಿಗೆ ಇಬ್ಬರು ಒನಕೆ ಹಾಕ್ದಂಗಾ?” ಅಂದೆ.

“ಅದೇ ಕಣವ್ವ. ಸರದಿ ತಪ್ಪಿದ್ರೆ ಒನಕೆಗೆ ಒನಕೆ.”

“ಮತ್ತೆ ನಮ್ಮ ಜೀಪು?”

“ಆ ಜೀಪಲ್ಲಿ ಬೆಲ್ಟಿರಲಿಲ್ಲ, ಹಲ್ಲಿನ ಚಕ್ರ ಇತ್ತು. ನೂರು ಸಲ ತಳ್ಳಿದ್ರೂ ಸರದಿ ತಪ್ತಿರಲಿಲ್ಲ.”

ಮಾದೇಶ ಒಂದು ವಾಲ್ವನ್ನು ನೆಲದ ಮೇಲೆ ಉರುಳಿಸುತ್ತಿದ್ದ. ಅದು ನೆಟ್ಟಗೆ ಹೋಗುತ್ತಿರಲಿಲ್ಲ. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆ ವಾರವೇ ಅವನು ರಿಪೇರಿಯ ದುಡ್ಡಿಗಾಗಿ ಮೆಣಸು ಕೊಯ್ಯಲು ಕೊಡಗಿಗೆ ಹೋದ. ನಾನು ಸುಕನ್ಯಳ ಹತ್ತಿರ ಹೋಗಿ “ತಳ್ಳಿಸ್ದೋಳು ನಾನು ಕಣಮ್ಮ” ಅಂದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. “ನೀವು ಹೇಳಿದ್ರಿ, ಅವ್ರು ಕೇಳಿದ್ರು. ಅವ್ರಿಗೇನು ಬಾಯಿಲ್ವಾ?” ಅಂದಳು.

ಎರಡೂವರೆ ತಿಂಗಳು ಕಾರು ಶೆಡ್ಡಿನಲ್ಲೇ ಇತ್ತು. ಸಾಯಂಕಾಲ ಮಧುಶ್ರೀ ಸುಕನ್ಯಳ ಫೋನಿನಲ್ಲಿ ಅಪ್ಪನ ಜೊತೆ ಮಾತಾಡುವುದು ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು. “ಕಾರು ಹುಷಾರಾಯ್ತಾ?” ಅಂತ ದಿನಾ ಅದೊಂದೇ ಕೇಳುತ್ತಿತ್ತು.

ಹೊಸ ವಾಲ್ವು, ಹೊಸ ಬೆಲ್ಟು ಹಾಕಿಸಿ ಮಾದೇಶ ಊರಿಗೆ ಬಂದ. ಸಾವಿರ ಕಿಲೋಮೀಟರ್ ಓಡಿದ ಮೇಲೆ ತಪ್ಪದೆ ತಂದು ತೋರಿಸಬೇಕು ಅಂತ ಸುನೀಲ್‌ಕುಮಾರ್ ಹೇಳಿ ಕಳಿಸಿದ್ದನಂತೆ.

ಹಾಗೆ ತೋರಿಸುವ ದಿನವೂ ನನ್ನ ಬಲಗಣ್ಣಿನ ಆಪರೇಷನ್ನೂ ಒಟ್ಟಿಗೇ ಬಂದವು. ಬೆಳಿಗ್ಗೆ ಚೀಲ ಹಿಡಿದು ಅವನ ಬಾಗಿಲಿಗೆ ಹೋದೆ.

“ಮೈಸೂರಿಗೆ ಇವತ್ತು ಇಲ್ಲ ಅವ್ವ” ಅಂದ. ಅಷ್ಟು ಹೇಳುವುದಕ್ಕೆ ಅವನ ಕಿವಿ ಕೆಂಪಾಗಿತ್ತು. “ಗಾಡಿ ಶೆಡ್ಡಿಗೆ ಬುಡಬೇಕು. ಕೋಟೆಗಂಟ ಬನ್ನಿ, ಅಲ್ಲಿಂದ ಬಸ್ಸು. ಸುಕನ್ಯ ಜೊತೇಲಿ ಬತ್ತಾಳೆ.”

“ನಾಳೆ ತೋರ್ಸಿದ್ರೆ ಏನ್ಲಾ? ಒಂದಿನದಲ್ಲಿ ಏನಾಯ್ತದೆ?”

“ಇಲ್ಲ.”

ನನಗೆ ಸಿಟ್ಟು ಬಂದದ್ದು ನಿಜ. ಕೋಟೆಯಲ್ಲಿ ಇಳಿದು ಸುಕನ್ಯಳ ಜೊತೆ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಯಾರೋ ಹುಡುಗಿ ಎದ್ದು ನನಗೆ ಸೀಟು ಕೊಟ್ಟಳು. ಬಸ್ಸು ಶೆಡ್ಡಿನ ಮುಂದೆ ಹಾದುಹೋಗುವಾಗ ಎಡಗಣ್ಣಿಗೆ ಚೆನ್ನಾಗಿಯೇ ಕಂಡಿತು. ಬಾನೆಟ್ ಎತ್ತಿತ್ತು, ಸುನೀಲ್‌ಕುಮಾರ್ ಬಗ್ಗಿದ್ದ. ಮಾದೇಶ ಕೈ ಕಟ್ಟಿಕೊಂಡು ಪಕ್ಕದಲ್ಲೇ ನಿಂತಿದ್ದ.

ಸುಕನ್ಯ ನನ್ನ ಭುಜ ತಿವಿದು “ಬಾಯಿ ಬಂತು ನೋಡಿ” ಅಂದಳು.

“ಬಂದು ಬಂದು ನನ್ನ ತಾವೇ ಶುರು ಮಾಡ್ಬೇಕಿತ್ತಾ?” ಅಂದೆ.

“ಇನ್ಯಾರ ತಾವ ಮಾಡಬೇಕಿತ್ತು?” ಅಂದಳು ಅವಳು.